ವನ್ಸ್‌ಮೋರ್ ಬಿದ್ದ ಕ್ಷಮಾಪಣೆ

ಫೆಬ್ರವರಿ ೩, ಸೋಮವಾರ

ಬಾರಿಸಿರಿ ನಗಾರಿ! ಎಳೆಯಿರಿ ಪರದೆ! ಕಾಲೇಜು ಫುಟ್‌ಬಾಲ್ ತಂಡದ ಗೋಲ್‌ಕೀಪರನೂ, ಸಕಲರ ಬಾಯಲ್ಲಿ ‘ಗುಡುಗು’ ಎಂದೇ ಖ್ಯಾತನೂ ಆದ ನಾನು, ತಂಡದಿಂದಲೂ ಹಾಸ್ಟೆಲಿನಿಂದಲೂ ಏಕಕಾಲಕ್ಕೆ ಹೊರದೂಡಲ್ಪಟ್ಟು, ಒಂದು ಟ್ರಂಕು ಮತ್ತು ಒಂದು ಜೊತೆ ಗ್ಲೌಸಿನೊಂದಿಗೆ ಅಜ್ಜಿಯ ಮನೆಯ ಹಜಾರದಲ್ಲಿ ಬಂದು ಬಿದ್ದಿದ್ದೇನೆ. ಮಾಡಿದ ಅಪರಾಧವೇನು? ಕೊಲೆಯೇ? ಕಳ್ಳತನವೇ? ಅಲ್ಲ. ಒಂದು ಡೈಲಾಗು!

ಶನಿವಾರ ಸೆಮಿಫೈನಲ್. ಆಟ ಮುಗಿಯಲು ಇನ್ನೇನು ಸೀಟಿ ಊದಬೇಕು, ಆಗ ಎದುರು ತಂಡಕ್ಕೆ ಪೆನಾಲ್ಟಿ. ಹೊಡೆಯಲು ಬಂದವನು ಅವರ ಹತ್ತನೇ ನಂಬರು. ಬಡಕಲು ಮೈ, ಹೆದರಿದ ಮೊಲದಂಥ ಕಣ್ಣು. ಅಂಥವನನ್ನು ಕಂಡೊಡನೆ ನನ್ನ ರಕ್ತದಲ್ಲಿರುವ ನಾಟಕ ಕಂಪನಿ ಎದ್ದು ನಿಲ್ಲದಿದ್ದೀತೇ? ಕಂಬಗಳ ನಡುವೆ ತೋಳು ಚಾಚಿ ಅಬ್ಬರಿಸಿದೆ: “ಎಲೈ ಎಳೆಯನೇ! ತಾಯ ಮಡಿಲು ಬಿಟ್ಟು ರಣಕ್ಕೆ ಬಂದೆಯಾ? ಹೋಗು, ನಿನ್ನಮ್ಮ ಬಾಗಿಲಲ್ಲಿ ಕಾಯುತ್ತಿದ್ದಾಳೆ!” ಚೆಂಡು ಅಡ್ಡಗಂಬದ ಮೇಲಿಂದ ಹಾರಿ ಬೇಲಿಯಾಚೆ ಬಿತ್ತು. ನಾವು ಗೆದ್ದೆವು. ಅವನು ಇದ್ದಲ್ಲೇ ಕುಕ್ಕರಿಸಿ, ಮುಖವನ್ನು ಮಂಡಿಗಳ ನಡುವೆ ಹುದುಗಿಸಿಕೊಂಡ.

ಅವನ ತಾಯಿ ತೀರಿಕೊಂಡು ತಿಂಗಳೂ ಆಗಿಲ್ಲವಂತೆ. ನನಗೆ ಹೇಗೆ ಗೊತ್ತಿರಬೇಕು? ಅವನ ಬೆನ್ನ ಮೇಲೆ ಬರೆದಿತ್ತೇ?

ಇವತ್ತು ವಿಚಾರಣೆ. (ಪ್ರವೇಶ: ದೈಹಿಕ ಶಿಕ್ಷಣದ ಪಿ.ಡಿ. ಸರ್, ಕಂಕುಳಲ್ಲಿ ಕ್ರೀಡಾಪಟುಗಳ ನಡತೆ ನಿಯಮಾವಳಿ, ಮುಖದಲ್ಲಿ ಉಪ್ಪಿಲ್ಲದ ಊಟ ಮಾಡಿದವರ ಕಳೆ.)

“ಸರ್, ಅದು ನಾಟಕದ ಮಾತು ಸರ್.”

“ನಿಂತಿದ್ದು ಮೈದಾನದಲ್ಲಿ ಕಣೋ. ಹನ್ನೊಂದನೇ ನಿಯಮ ಓದಿದೀಯಾ? ಎದುರಾಳಿಯ ಮನೆ, ಮೈಬಣ್ಣ, ಕಷ್ಟ, ಯಾವುದನ್ನೂ ಎತ್ತಿ ಆಡಬಾರದು.”

“ಕಷ್ಟ ಇದೆ ಅಂತಲೇ ಗೊತ್ತಿರ್ಲಿಲ್ವಲ್ಲ ಸರ್.”

“ಗೊತ್ತಿಲ್ದಿದ್ರೆ ಬಾಯಿ ಮುಚ್ಕೊಂಡಿರಬೇಕು. ಅದು ಹನ್ನೆರಡನೇ ನಿಯಮ.”

“ಸರ್, ಹನ್ನೆರಡನೇದು ಬೂಟಿನ ಬಗ್ಗೆ ಇದೆ.”

“ಆಚೆ ನಡಿ!”

ತೀರ್ಪು ಹೀಗೆ. ಒಂದು: ಎದುರು ತಂಡದ ಕಾಲೇಜಿನ ಸಭಾಂಗಣದಲ್ಲಿ, ಎರಡೂ ತಂಡಗಳ ಎದುರು, ನಾನು ಬಾಯಿಬಿಟ್ಟು ಕ್ಷಮೆ ಕೇಳಬೇಕು. ಎರಡು: ಸಂಗೀತ ವಿಭಾಗಕ್ಕೆ ಸೇವೆ ಸಲ್ಲಿಸಬೇಕು. ವಯಸ್ಸಾದವರ ಬಾಲ್ಯದ ಸಂಗೀತದ ನೆನಪುಗಳನ್ನು ಅಲ್ಲಿ ಕಲೆಹಾಕುತ್ತಿದ್ದಾರಂತೆ, ಧ್ವನಿ ಮುದ್ರಿಸಿ ತರುವ ಕೆಲಸ. ಎರಡೂ ಮುಗಿದರೆ ಇಪ್ಪತ್ತಮೂರರ ಫೈನಲ್ಲಿಗೆ ಕೀಪರ್ ನಾನೇ. ವಿಶ್ವವಿದ್ಯಾಲಯದ ತಂಡದ ಆಯ್ಕೆಗಾರರು ನೋಡಲು ಬರುವ ಪಂದ್ಯ ಅದು! ಮುಗಿಯದಿದ್ದರೆ ಈ ವರ್ಷದ ಮಟ್ಟಿಗೆ ತಂಡವೂ ಇಲ್ಲ, ಹಾಸ್ಟೆಲೂ ಇಲ್ಲ. ಮೀಸಲು ಕೀಪರನಿದ್ದಾನಲ್ಲ, ಚೆಂಡು ಬಂದರೂ ಅಲ್ಲಾಡದ ಕಾರಣ ನಾವೆಲ್ಲ ‘ಕಂಬ’ ಎಂದು ಕರೆಯುವವನು, ಅವನು ನಿಲ್ಲುತ್ತಾನೆ. ಕಂಬಗಳ ನಡುವೆ ಇನ್ನೊಂದು ಕಂಬ!

ಕ್ಷಮೆ! ನಾನು! ಹುಂ.

ಫೆಬ್ರವರಿ ೫, ಬುಧವಾರ

ಬೇರೆ ಮುದುಕರನ್ನು ಹುಡುಕಿಕೊಂಡು ಯಾರು ಅಲೆಯುತ್ತಾರೆ? ಮನೆಯಲ್ಲೇ ನಿಧಿ ಇದೆ. ಅಜ್ಜಿ ಹುಟ್ಟಿದ್ದೇ ಸಂಚಾರಿ ನಾಟಕ ಕಂಪನಿಯ ಡೇರೆಯಲ್ಲಿ. ಅವಳ ತಾಯಿ, ಅಂದರೆ ನನ್ನ ಮುತ್ತಜ್ಜಿ, ಆ ಕಂಪನಿಯ ಹಾಡುವ ನಾಯಕಿ. ನಾನು ನಡೆಯಲು ಕಲಿಯುವ ಮೊದಲೇ ಅಜ್ಜಿಯ ಬಾಯಲ್ಲಿ ರಾಜ, ಮಂತ್ರಿ, ಖಳನಾಯಕ ಎಲ್ಲರ ಮಾತೂ ಕೇಳಿ ಬಾಯಿಪಾಠ ಮಾಡಿದವನು.

ಈಗ ಅಜ್ಜಿ ಕಿಟಕಿಯ ಪಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ಬೀದಿಯವರ ಪ್ಯಾಂಟುಗಳ ಉದ್ದ ಕಡಿಮೆ ಮಾಡುತ್ತಾಳೆ. ಸಂಗೀತದ ಮೇಡಂ ಕೊಟ್ಟ ಧ್ವನಿ ಮುದ್ರಿಸುವ ಪುಟ್ಟ ಯಂತ್ರವನ್ನು ಗುಂಡಿಗಳ ಡಬ್ಬದ ಮೇಲಿಟ್ಟು ಕೂತೆ. ಅಜ್ಜಿ ಶುರು ಮಾಡಿದಳು, ತಬಲಾ ಕಾಯಿಸುವ ಕೆಂಡದ ವಾಸನೆ, ಡೇರೆಯ ಹಗ್ಗ ಗಾಳಿಗೆ ಗುಂಯ್‌ಗುಡುವ ಸದ್ದು. ನಾನು “ಆಹಾ!” ಎಂದೆ. ಖಳನಾಯಕನ ಪ್ರವೇಶ ಬಂತು, ಅವನ ಮಾತನ್ನು ನಾನೇ ಹೇಳಿ ತೋರಿಸಿದೆ. ಯುದ್ಧ ಬಂತು, ಎದ್ದು ನಿಂತು ಒಂದು ಸುತ್ತು ಹಾಕಿದೆ. ಅಮೋಘ!

ಫೆಬ್ರವರಿ ೭, ಶುಕ್ರವಾರ

ಮೇಡಂ ಕೇಳಿ ವಾಪಸು ಕೊಟ್ಟರು.

“ನಿಮ್ಮಜ್ಜಿ ಎಲ್ಲಿದಾರೆ ಇದರಲ್ಲಿ?”

“ಮಧ್ಯೆ ಮಧ್ಯೆ ಇದಾರೆ ಮೇಡಂ.”

“ಮಧ್ಯೆ ಮಧ್ಯೆ ಇರಬೇಕಾದವರು ಅವರಲ್ಲ, ನೀವಂತೂ ಇರಲೇಬಾರದು. ಇನ್ನೊಂದ್ಸಲ ಮಾಡಿ. ನಿಮ್ಮ ಕೆಮ್ಮೂ ಕೇಳಿಸಬಾರದು.”

ಕ್ಷಮಾಪಣೆಯ ಕರಡನ್ನೂ ಪಿ.ಡಿ. ಸರ್‌ಗೆ ತೋರಿಸಿದೆ. “ಹೇ ಮಾತೃವಿಯೋಗದಗ್ಧನೇ!” ಎಂದು ಆರಂಭ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಇದೇನೋ, ಕ್ಷಮೆ ಕೇಳ್ತಿದೀಯೋ, ಯುದ್ಧಕ್ಕೆ ಕರೀತಿದೀಯೋ?”

“ಭಾವ ಇರಬೇಕಲ್ಲ ಸರ್.”

“ಮೊದಲ್ನೇ ಸಾಲು ಹೊಡೆದು ಹಾಕು. ಮಿಕ್ಕಿದ್ದು... ಏನಾದ್ರೂ ಮಾಡ್ಕೋ.”

ರಸಹೀನರ ಕೈಗೆ ಸಿಕ್ಕಿದ್ದೇನೆ. ಸಂಜೆ ಮೈದಾನದ ಬೇಲಿಯ ಹೊರಗೆ ನಿಂತು ಅಭ್ಯಾಸ ನೋಡಿದೆ. ಕಂಬ ಗೋಲಿನಲ್ಲಿ ನಿಂತು ಆಕಳಿಸುತ್ತಿದ್ದ. ಕೈ ನವೆಯುತ್ತದೆ. ಮನೆಗೆ ಬಂದು ಅಜ್ಜಿಯ ನೂಲಿನ ಉಂಡೆಗಳನ್ನು ಗೋಡೆಗೆಸೆದು ಹಿಡಿದೆ. ಒಂದು ಕಿಟಕಿಯಿಂದ ಹೊರಗೆ ಹೋಯಿತು. ಅಜ್ಜಿ ನನ್ನನ್ನೂ ಅದರ ಹಿಂದೆಯೇ ಕಳಿಸಿದಳು.

ಫೆಬ್ರವರಿ ೧೧, ಮಂಗಳವಾರ

ಬಾಯಿಗೆ ಟವೆಲು ಕಚ್ಚಿಕೊಂಡು ಕೂತೆ. ಪ್ರಾಣಸಂಕಟ! ಅಜ್ಜಿ ನನ್ನ ಮುಖ ನೋಡಿ ನಕ್ಕಿದ್ದರಿಂದಲೇ ಮುದ್ರಣ ಎರಡು ಬಾರಿ ಕೆಟ್ಟಿತು. ಆಮೇಲೆ ಅವಳು ಸೂಜಿಗೆ ದಾರ ಪೋಣಿಸುತ್ತ ಹೇಳಿದಳು:

“ಒಂದು ನಾಟಕದಲ್ಲಿ ಅಮ್ಮ ತೊಟ್ಟಿಲು ತೂಗಿ ಜೋಗುಳ ಹಾಡಬೇಕು. ತೊಟ್ಟಿಲಲ್ಲಿ ಮರದ ಬೊಂಬೆ. ನಾನು ಪರದೆ ಪಕ್ಕದಲ್ಲಿ ಬಟ್ಟೆಗಂಟಿನ ಮೇಲೆ ಕೂತು ನೋಡೋದು. ಮೂರು ವರ್ಷ ಇರಬೇಕು ನಂಗೆ, ಇಲ್ಲ ನಾಕು. ಆ ಜೋಗುಳ ನನ್ನದು ಅಂದ್ಕೊಂಡಿದ್ದೆ ಕಣೋ. ಒಂದಿನ ಹಗಲಲ್ಲಿ ಆ ಬೊಂಬೆ ಕೈಗೆ ಸಿಕ್ತು. ಮೂಗು ಕಚ್ಚಿ ಕಿತ್ತುಹಾಕ್ದೆ. ಬಣ್ಣ ಕಹಿಯಾಗಿತ್ತು.”

“ಹೊಡೆದ್ರಾ?” ಎಂದು ಕೇಳಬೇಕೆನಿಸಿತು. ಟವೆಲು ಅಡ್ಡವಿತ್ತು. ಮೇಡಂಗೆ ಇಷ್ಟವಾಗಿದೆ, ಇನ್ನೊಂದು ಕಂತು ಬೇಕಂತೆ.

ಫೆಬ್ರವರಿ ೧೪, ಶುಕ್ರವಾರ

ಜಯ! ದಿಗ್ವಿಜಯ! ಇಂದಿನ ದಿನವನ್ನು ಚಿನ್ನದ ಶಾಯಿಯಲ್ಲಿ ಬರೆಯಬೇಕು, ಮನೆಯಲ್ಲಿ ನೀಲಿ ಪೆನ್ನು ಮಾತ್ರ ಇದೆ.

ಆ ಕಾಲೇಜಿನ ಸಭಾಂಗಣ. ಎರಡೂ ತಂಡಗಳಷ್ಟೇ ಅಲ್ಲ, ತರಗತಿ ತಪ್ಪಿಸಿಕೊಳ್ಳಲು ನೆಪ ಸಿಕ್ಕಿತೆಂದು ಇಡೀ ಕಾಲೇಜೇ ಬಂದು ತುಂಬಿತ್ತು. ಮೊದಲ ಸಾಲಿನಲ್ಲಿ ಹತ್ತನೇ ನಂಬರು, ಪಕ್ಕದಲ್ಲಿ ಅವರ ಕೋಚ್. ನನ್ನ ಹೆಸರು ಕೂಗಿದರು. ನಡೆದೆ, ಓಡಲಿಲ್ಲ. ಮೈಕನ್ನು ಬದಿಗೆ ಸರಿಸಿದೆ. ನನ್ನ ಕಂಠಕ್ಕೆ ಮೈಕು ಯಾಕೆ?

ಮಂದ್ರದಲ್ಲಿ ಶುರು ಮಾಡಿದೆ. “ತಾಯಿ! ಆ ಎರಡಕ್ಷರವನ್ನು ಆಟದ ಆಯುಧ ಮಾಡಿಕೊಂಡ ನಾಲಿಗೆ ಇದು!” ಎಂದು ಬೆರಳಿನಿಂದ ತೋರಿಸಿದೆ. ಒಂದೊಂದೇ ಮೆಟ್ಟಿಲು ದನಿ ಏರಿಸಿದೆ. “ಗೆಳೆಯಾ, ನಾನು ತಡೆದದ್ದು ಚೆಂಡನ್ನಲ್ಲ, ನಿನ್ನ ಕಣ್ಣೀರಿಗೆ ಕಟ್ಟಿದ್ದ ಒಡ್ಡನ್ನು ಒಡೆದೆ!” ಇಲ್ಲಿ ನನ್ನ ಧ್ವನಿ ತಾನಾಗಿ ನಡುಗಿತು, ಅಭ್ಯಾಸದಲ್ಲಿ ಅಷ್ಟು ಚೆನ್ನಾಗಿ ನಡುಗಿರಲಿಲ್ಲ. ಹಿಂದಿನ ಸಾಲಿನ ಹುಡುಗಿಯರು ಮೂಗು ಒರೆಸಿಕೊಂಡರು. ಕೊನೆಗೆ ಮಂಡಿಯೂರಿ ಗ್ಲೌಸುಗಳನ್ನು ಅವನ ಪಾದದ ದಿಕ್ಕಿಗೆ ಇಟ್ಟೆ.

ಚಪ್ಪಾಳೆ! ಸಿಡಿಲು! ಯಾವನೋ ಪುಣ್ಯಾತ್ಮ ಹಿಂದಿನಿಂದ “ವನ್ಸ್‌ಮೋರ್!” ಎಂದ. ಇಡೀ ಸಭೆ ಹಿಡಿದುಕೊಂಡಿತು, “ವನ್ಸ್‌ಮೋರ್! ವನ್ಸ್‌ಮೋರ್!” ಮುತ್ತಜ್ಜಿಗೆ ಬೀಳುತ್ತಿದ್ದ ವನ್ಸ್‌ಮೋರು ನಮ್ಮ ಮನೆತನದಲ್ಲಿ ಮತ್ತೆ ಬಿದ್ದದ್ದು ಇವತ್ತು. ಇಲ್ಲ ಅನ್ನಲಾದೀತೇ? ‘ತಾಯಿ!’ ಇಂದ ಮತ್ತೆ ಹೇಳಿದೆ. ಎರಡನೇ ಸಲ ಇನ್ನೂ ಚೆನ್ನಾಗಿ ಬಂತು.

ನಡತೆ ಸಮಿತಿಯವರು ಅಲ್ಲೇ ಕೈಕುಲುಕಿದರು. ಸಂಗೀತದ ಒಂದು ಕಂತು ಬಾಕಿಯಿದ್ದರೂ ತಂಡಕ್ಕೆ ಸೇರಿಸಿಕೊಂಡಿದ್ದಾರೆ. ಸೋಮವಾರದಿಂದ ಹಾಸ್ಟೆಲು.

ಹತ್ತನೇ ನಂಬರು ಎರಡನೇ ಸಲದ ಹೊತ್ತಿಗೆ ಎದ್ದು ಹೋಗಿದ್ದ. ಬಸ್ಸಿಗೆ ತಡವಾಗಿರಬೇಕು.

ಫೆಬ್ರವರಿ ೧೫, ಶನಿವಾರ

ಬಸ್ಸಲ್ಲ. ಅವನು ಸೈಕಲ್ಲಿನಲ್ಲಿ ಬರುತ್ತಾನೆ ಎಂದು ಕಂಬ ಹೇಳಿದ. ಕೇಳದೆ ಹೇಳುವ ಚಾಳಿ ಅವನದು.

ಹೋಗಲಿ ಬಿಡು. ನಿಯಮದಲ್ಲಿ ಏನಿತ್ತೋ ಅದನ್ನು ಮಾಡಿದ್ದೇನೆ. ಕೇಳಿಸಿಕೊಳ್ಳುವುದು ಅವನ ಕೆಲಸ.

ಫೆಬ್ರವರಿ ೧೭, ಸೋಮವಾರ

ಅಭ್ಯಾಸ. ಕೈಗೆ ಬಂದ ಚೆಂಡು ಕಂಕುಳಡಿಯಿಂದ ಜಾರಿತು. ಒಂದಲ್ಲ, ಹಲವು. ಹುಡುಗರು “ಗುಡುಗೇ, ಒಂದು ಡೈಲಾಗ್ ಹೊಡಿ, ಸರಿಹೋಗುತ್ತೆ” ಎಂದರು. ಬಾಯಿ ತೆಗೆದೆ. ಯಾವುದೂ ನೆನಪಾಗಲಿಲ್ಲ. ನನಗೆ!

ಊಟ ಸೇರುತ್ತಿಲ್ಲ. ಹಾಸ್ಟೆಲಿನ ಅನ್ನ ಮೊದಲೂ ಹೀಗೇ ಇತ್ತು ಅನ್ನಿ.

ಫೆಬ್ರವರಿ ೧೮, ಮಂಗಳವಾರ

ಕೊನೆಯ ಕಂತು ಮುದ್ರಿಸಲು ಅಜ್ಜಿಯಲ್ಲಿಗೆ ಹೋಗಿದ್ದೆ. ಟವೆಲು ಮರೆತಿದ್ದೆ, ಬೇಕಾಗಲೂ ಇಲ್ಲ. ಮೊದಲು ಅವಳು, “ಏನೋ ಭಾರಿ ಕ್ಷಮೆ ಕೇಳಿದೆಯಂತಲ್ಲ, ನಂಗೂ ಮಾಡಿ ತೋರ್ಸು” ಎಂದಳು. ಮಾಡಿ ತೋರಿಸಿದೆ, ವನ್ಸ್‌ಮೋರ್ ಸಮೇತ. ಅಜ್ಜಿ ಪೂರ್ತಿ ನೋಡಿದಳು, ಹೊಲಿಗೆ ಯಂತ್ರದ ಗಾಲಿಯ ಮೇಲೆ ಕೈಯಿಟ್ಟುಕೊಂಡು.

“ಗಂಟಲು ನಮ್ಮಮ್ಮಂದೇ” ಎಂದಳು. ಆಮೇಲೆ, “ಆ ಯಂತ್ರ ಹಾಕು.”

ಅವಳು ಹೇಳಿದ್ದನ್ನು ಇಲ್ಲಿ ಬರೆದಿಡುತ್ತೇನೆ. ಯಾಕೋ ಬರೆಯಬೇಕೆನಿಸಿದೆ.

“ಒಂದಿನ ನಂಗೆ ವಿಪರೀತ ಜ್ವರ. ಅದೇ ಬಟ್ಟೆಗಂಟಿನ ಮೇಲೆ ಮಲಗಿಸಿದ್ರು. ಜೋಗುಳ ಮುಗಿದ ಮೇಲೆ ಅಮ್ಮ ಒಳಗೆ ಬರ್ತಾಳೆ ಅಂತ ನಂಗೆ ಗೊತ್ತು. ಮುಗೀತು. ಕೈ ಚಾಚ್ದೆ. ಅವಳು ನನ್ನ ಕಡೆ ಒಂದು ಹೆಜ್ಜೆ ಇಟ್ಟೇ ಇದ್ಲು, ಆಚೆಯಿಂದ ವನ್ಸ್‌ಮೋರ್ ಅಂದ್ರು. ವಾಪಸ್ ಹೋದ್ಲು. ಮತ್ತೆ ಹಾಡಿದ್ಲು. ಮುಗೀತು, ಮತ್ತೆ ಕೈ ಚಾಚ್ದೆ. ಮತ್ತೆ ವನ್ಸ್‌ಮೋರ್. ಅಷ್ಟು ಚೆನ್ನಾಗಿ ಹಾಡ್ತಿದ್ಲು, ಜನರದೇನು ತಪ್ಪು? ಆದ್ರೆ ಇವತ್ತಿಗೂ ನಂಗೆ ಚಪ್ಪಾಳೆ ಅಂದ್ರೆ, ಅಮ್ಮ ಇನ್ನೂ ಬರಲ್ಲ ಅಂತ.”

“ಆಮೇಲೆ ಬಂದ್ರಾ ಅಜ್ಜಿ?”

“ಬಂದ್ಲು. ಅಷ್ಟು ಹೊತ್ತಿಗೆ ಗಂಟಲು ಕಟ್ಟಿಹೋಗಿತ್ತು. ನಂಗೆ ಹಾಡಕ್ಕೆ ಅಂತ ಏನೂ ಉಳಿದಿರ್ಲಿಲ್ಲ ಅವಳ ಹತ್ರ. ಪಕ್ಕದಲ್ಲಿ ಮಲಗಿ ಬೆನ್ನು ತಟ್ಟಿದ್ಲು. ಅದೇ ಜೋಗುಳದ ತಾಳ. ಬರೀ ತಾಳ. ನಿಮ್ಮ ಮೇಡಂಗೆ ಹೇಳು, ನಂಗೆ ನೆನಪಿರೋ ಮೊದಲನೇ ಸಂಗೀತ ಅದು. ಮಿಕ್ಕಿದ್ದೆಲ್ಲ ಆಮೇಲಿಂದು.”

ಇದನ್ನು ಇವತ್ತೇ ಯಾಕೆ ಹೇಳಿದಳೋ! ಕೇಳಿದ್ದಕ್ಕೆ, “ನೀನೇ ತಾನೇ ನೆನಪು ಬೇಕು ಅಂದೆ?” ಎಂದು ಪ್ಯಾಂಟಿನ ಅಂಚು ಮಡಚತೊಡಗಿದಳು. ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ಹಾಸ್ಟೆಲಿಗೆ ನಡೆದೇ ಹೋದೆ.

ಫೆಬ್ರವರಿ ೧೯, ಬುಧವಾರ

ಮೇಡಂ ಯಂತ್ರ ವಾಪಸು ತೆಗೆದುಕೊಂಡರು. “ಒಂದು ಕಡೆ ನಿಮ್ಮ ದನಿ ಬಂದಿದೆ” ಎಂದರು. ಅಳಿಸಿಬಿಡಿ ಎಂದೆ. “ಬೇಡ, ಇರಲಿ” ಎಂದರು. ಈ ಹೆಂಗಸಿನ ಲೆಕ್ಕವೇ ತಿಳಿಯುವುದಿಲ್ಲ.

ಫೆಬ್ರವರಿ ೨೦, ಗುರುವಾರ

ಅವರ ಕಾಲೇಜಿನ ಗೇಟಿನವರೆಗೆ ಹೋದೆ. ಸುಮ್ಮನೆ, ಆ ಕಡೆ ಕೆಲಸವಿತ್ತು. (ಇರಲಿಲ್ಲ.) ಹತ್ತನೇ ನಂಬರು ಕಾಲೇಜಿಗೆ ಸರಿಯಾಗಿ ಬರುತ್ತಿಲ್ಲವಂತೆ. ಅವರಪ್ಪನ ಲಾಂಡ್ರಿ ಹಿಂದಿನ ಬೀದಿಯಲ್ಲೇ ಇದೆ, ಅಲ್ಲಿರುತ್ತಾನೆ ಎಂದರು.

ರಸ್ತೆಯ ಈಚೆ ನಿಂತು ನೋಡಿದೆ. ಒಳಗೆ ಹಬೆ. ಅಪ್ಪ ಮೇಜಿನ ಮುಂದೆ ಇಸ್ತ್ರಿ ಹಾಕುತ್ತಿದ್ದರು. ಅವನು ನರ್ಸಿಂಗ್ ಹೋಮಿನ ಬಿಳಿ ಬೆಡ್‌ಶೀಟು ಮಡಚುತ್ತಿದ್ದ, ಒಬ್ಬನೇ. ಒಂದು ತುದಿಯನ್ನು ಗದ್ದದಡಿ ಒತ್ತಿ ಹಿಡಿದು, ಇನ್ನೊಂದು ತುದಿಗೆ ಕೈ ಸಾಲದೆ, ಬಗ್ಗಿ, ಕಾಲಿನಿಂದ ಎತ್ತಿ. ಮಡಿಕೆ ಸೊಟ್ಟಗಾಗುತ್ತಿತ್ತು. ಬಿಚ್ಚಿ ಮತ್ತೆ ಮಡಚುತ್ತಿದ್ದ.

ಒಳಗೆ ಹೋಗಲಿಲ್ಲ.

ಫೆಬ್ರವರಿ ೨೨, ಶನಿವಾರ

ನಾಳೆ ಫೈನಲ್. ಪಿ.ಡಿ. ಸರ್ ನಿಯಮ ಓದಿ ಹೇಳಿದರು: ಬೆಳಗಿನ ಹಾಜರಾತಿಗೆ ಸಮವಸ್ತ್ರದಲ್ಲಿ ಇಲ್ಲದವನು, ಯಾವ ಕಾರಣಕ್ಕೇ ಆಗಲಿ, ಆಡುವಂತಿಲ್ಲ. ವರ್ಷಪೂರ್ತಿ ತಂಡದಲ್ಲಿಯೂ ಹಾಸ್ಟೆಲಿನಲ್ಲಿಯೂ ಇಲ್ಲ. ಓದುವಾಗ ನನ್ನನ್ನೇ ನೋಡುತ್ತಿದ್ದರು.

ಕೂತಲ್ಲಿ ಕೂರಲಾಗುತ್ತಿಲ್ಲ. ಪಂದ್ಯದ ಮುಂಚೆ ಎಲ್ಲರಿಗೂ ಹೀಗೇ ಆಗುತ್ತದೆ.

ಫೆಬ್ರವರಿ ೨೩, ಭಾನುವಾರ

ಬೆಳಕು ಹರಿಯುತ್ತಲೇ ಎದ್ದು ಜೆರ್ಸಿ ಹಾಕಿಕೊಂಡೆ. ಹಾಜರಾತಿಗೆ ಇನ್ನೂ ಹೊತ್ತಿತ್ತು. ಹೋಗಿ ಒಂದು ಮಾತು ಹೇಳಿ ಬಂದುಬಿಡೋಣ ಎಂದು ಹೊರಟೆ. ದಾರಿಯುದ್ದಕ್ಕೂ ಮಾತು ಜೋಡಿಸಿದೆ, ಒಂದೂ ನಿಲ್ಲಲಿಲ್ಲ.

ಲಾಂಡ್ರಿ ಆಗಲೇ ತೆರೆದಿತ್ತು. ಹತ್ತನೇ ನಂಬರು ನನ್ನನ್ನೂ ನನ್ನ ಜೆರ್ಸಿಯನ್ನೂ ನೋಡಿದ.

“ಏನು, ಇಲ್ಲೂ ಭಾಷಣನಾ? ಚಪ್ಪಾಳೆ ಹೊಡೆಯಕ್ಕೆ ಯಾರೂ ಇಲ್ಲ ಇಲ್ಲಿ. ಅಪ್ಪ ಇದಾರೆ, ಅವರ ಕೈ ಖಾಲಿ ಇಲ್ಲ.”

ಅವರಪ್ಪ ತಲೆಯೆತ್ತದೆ, ಇಸ್ತ್ರಿಪೆಟ್ಟಿಗೆ ಜಾರಿಸುತ್ತಲೇ, “ಯಾರೋ ಅದು?” ಎಂದರು.

“ಆ ಕೀಪರ್ರು.”

“ಓ” ಎಂದರು. ಅಷ್ಟೆ.

ನಾನು ನಿಂತೆ. ಅವನು ಬುಟ್ಟಿಯಿಂದ ಇನ್ನೊಂದು ಶೀಟು ಎಳೆದ. ಗದ್ದದಡಿಯಿಂದ ಅದು ಜಾರಿತು, ನೆಲ ಮುಟ್ಟುವ ಮೊದಲು ನನ್ನ ಕೈ ಅಲ್ಲಿತ್ತು.

“ಬಿಡು.”

“ಒದ್ದೆ ನೆಲ. ಕೊಳೆಯಾಗತ್ತೆ.”

ಅವನು ನನ್ನ ಕೈ ನೋಡಿದ. “ಹಾಗಲ್ಲ ಹಿಡಿಯೋದು. ಹೆಬ್ಬೆರಳು ಒಳಗೆ ಹಾಕು, ಮೂಲೆ ನೆಟ್ಟಗಾಗತ್ತೆ. ಕೀಪರ್ ಅಂತೀಯ, ಬಟ್ಟೆ ಹಿಡಿಯಕ್ಕೆ ಬರಲ್ವಾ?”

ಹಿಡಿದೆ. ಎಳೆದು, ಝಾಡಿಸಿ, ಮಡಚಿ, ಎದುರುಬದುರು ನಡೆದು ಬಂದು ಅವನ ಕೈಗೆ ಮೂಲೆ ಕೊಡಬೇಕು. ಮತ್ತೆ ಹಿಂದೆ ಹೋಗಬೇಕು. ಮೊದಲ ಕೆಲವು ಸೊಟ್ಟಗಾದವು, ಬಿಚ್ಚಿಸಿದ.

“ಆ ತುದಿ ನಮ್ಮಮ್ಮಂದು” ಎಂದ, ಬುಟ್ಟಿಗೆ ಬಗ್ಗಿದ್ದಾಗ. “ಬೇಕು ಅಂತ ಜೋರಾಗಿ ಎಳೀತಿದ್ರು. ನಾನು ಮುಗ್ಗರಿಸಿದ್ರೆ ನಗೋರು.”

“ಎಷ್ಟು ಜೋರಾಗಿ?”

“ಜೋರಾಗಿ.”

ಎಳೆದೆ.

“ಇನ್ನೂ.”

ಎಳೆದೆ. ಅವನು ಒಂದು ಹೆಜ್ಜೆ ಮುಗ್ಗರಿಸಿ ನನ್ನ ಎದೆಗೆ ಬಂದು ತಾಗಿದ. ಅವರಪ್ಪ ಆಗ ತಲೆಯೆತ್ತಿದರು. ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ನಮ್ಮನ್ನು ನೋಡಿದರು. ಯಾರೂ ನಗಲಿಲ್ಲ.

“ಅವತ್ತು ಹಾಗಂದಿದ್ದು ತಪ್ಪಾಯ್ತು” ಎಂದೆ. ನನಗೇ ಸರಿಯಾಗಿ ಕೇಳಿಸಲಿಲ್ಲ.

“ಹೂಂ” ಎಂದ. ಮೂಲೆಗಳನ್ನು ತೆಗೆದುಕೊಂಡ. ಶೀಟನ್ನು ಮಡಚಿಟ್ಟು ಗೋಡೆ ಗಡಿಯಾರ ನೋಡಿ, “ನಿಂಗೆ ಇವತ್ತು ಫೈನಲ್ ಅಲ್ವಾ?”

“ಹೌದು.”

“ಹಾಜರಿ ಹಾಕಲ್ವಾ ನಿಮ್ಮಲ್ಲಿ?”

ಗಡಿಯಾರ ನಾನೂ ನೋಡಿದೆ. ಆಗಲೇ ಓಡಿದ್ದರೆ ಸಿಗುತ್ತಿತ್ತು. ಬುಟ್ಟಿ ಅರ್ಧವೂ ಮುಗಿದಿರಲಿಲ್ಲ. ನರ್ಸಿಂಗ್ ಹೋಮಿನ ಗಾಡಿ ಹೊರಗೆ ಬಂದು ಹಾರ್ನ್ ಮಾಡುತ್ತಿತ್ತು. ಅವರಪ್ಪ ಬಾಗಿಲಿಗೆ ಹೋಗಿ, “ಬಂತಪ್ಪ, ಇಬ್ರು ಇದೀವಿ, ಈಗ ಆಗೋಗತ್ತೆ” ಎಂದು ಕೂಗಿದರು. ತಕ್ಷಣ ತಿರುಗಿ ನಮ್ಮತ್ತ ನೋಡಿ, “ಮೂವರು” ಎಂದು ತಿದ್ದಿದರು.

ಇನ್ನೊಂದು ಶೀಟಿನ ತುದಿ ತೆಗೆದುಕೊಂಡೆ.

ಫೆಬ್ರವರಿ ೨೪, ಸೋಮವಾರ

ಕಂಬ ಚೆನ್ನಾಗಿ ಹಿಡಿದನಂತೆ. ಗೆದ್ದರಂತೆ. ಆಯ್ಕೆಗಾರರು ಅವನ ಹೆಸರು ಬರೆದುಕೊಂಡರಂತೆ. ಹೊಟ್ಟೆ ಉರಿಯಿತು. ಮಧ್ಯಾಹ್ನದ ಹೊತ್ತಿಗೆ ಹೋಗಿ ಅವನ ಬೆನ್ನಿಗೊಂದು ಗುದ್ದಿ ಬಂದೆ, ಪ್ರೀತಿಯಿಂದಲೇ.

ಪಿ.ಡಿ. ಸರ್ ಕರೆಸಿದರು. ಸಮಿತಿಯವರೂ ಕೂತಿದ್ದರು. ಎಲ್ಲರೂ ಬೆನ್ನು ನೆಟ್ಟಗೆ ಮಾಡಿಕೊಂಡಿದ್ದರು, ಬಿರುಗಾಳಿಗೆ ಕಿಟಕಿ ಹಾಕಿಕೊಂಡವರ ಹಾಗೆ.

“ಎಲ್ಲಿ ಹೋಗಿದ್ದೆ?”

“ಒಂದು ಕೆಲಸ ಇತ್ತು ಸರ್.”

“ಫೈನಲ್‌ಗಿಂತ ದೊಡ್ಡದಾ?”

“ಬೇಗ ಮುಗಿಯತ್ತೆ ಅಂದ್ಕೊಂಡಿದ್ದೆ ಸರ್.”

“ನಿಯಮ ಗೊತ್ತು ತಾನೇ? ಈ ವರ್ಷ ತಂಡದಲ್ಲಿ ಇಲ್ಲ ನೀನು. ಹಾಸ್ಟೆಲೂ ಇಲ್ಲ.” ತಡೆದು ಕಾದರು. “ಹೇಳೋದೇನಾದ್ರೂ ಇದೆಯಾ?”

“ಇಲ್ಲ ಸರ್.”

ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಿ.ಡಿ. ಸರ್ ಮೇಜಿನ ಸುತ್ತ ಬಂದು, ನನ್ನ ಹಣೆಯ ಮೇಲೆ ಅಂಗೈ ಇಟ್ಟು ನೋಡಿದರು.

“ಹುಷಾರಾಗಿದೀಯೇನೋ?”

“ಆರಾಮಾಗಿದೀನಿ ಸರ್.”

ಟ್ರಂಕು ಅಜ್ಜಿಯ ಹಜಾರಕ್ಕೆ ಬಂತು. ಹೆಚ್ಚು ಬರೆಯಲು ಹೊತ್ತಿಲ್ಲ, ಕಣ್ಣು ಎಳೆಯುತ್ತಿದೆ. ನಾಳೆ ಎರಡು ನರ್ಸಿಂಗ್ ಹೋಮಿನ ಬಟ್ಟೆ ಒಟ್ಟಿಗೆ ಬರುತ್ತದಂತೆ. ಹತ್ತನೇ ನಂಬರು ಕಾಲೇಜಿಗೆ ಹೋಗಬೇಕು, ಮೊದಲ ಪೀರಿಯಡ್ಡಿನೊಳಗೆ ಮುಗಿಸಿ ಕಳಿಸಬೇಕು.